ಕಾಟಾ ಮನೆಯ ಎಕ್ಸ್‌ಪಿ, ಮಾಲೀಕರ ಮ್ಯಾಕ್, ನಡುವೆ ಒಂದು ಫೋಲ್ಡರ್

“ಲಿನಕ್ಸಿಗೆ ವೈರಸ್ ಬರಂಗಿಲ್ಲ ಅಂದಿದ್ರಲ್ರೀ ಸರ?”

ಫೋನ್ ಎತ್ತಿದ ಕೂಡಲೇ ಅಕೌಂಟೆಂಟ್ ಕೇಳಿದ್ದು ಇಷ್ಟೇ. 2025ರ ಜನವರಿ. ಹಿಂದಿನ ಸಂಜೆ ಕೊಪ್ಪಳದಲ್ಲಿ ಗವಿಮಠದ ಅಜ್ಜನ ತೇರು. ಊರಿಗೆ ಊರೇ ಮಠದ ಬಯಲಿನಲ್ಲಿತ್ತು, ನಾನೂ ಅಲ್ಲೇ ಇದ್ದೆ. ಮಹಾದಾಸೋಹದಲ್ಲಿ ಉಂಡು ಮನೆ ಸೇರಿದಾಗ ಹೊತ್ತು ಮೀರಿತ್ತು. ಬೆಳಿಗ್ಗೆ ಏಳೂವರೆಗೆ ಈ ಫೋನು. ಗಿಣಿಗೇರಿ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆ. ಅವರ ಸರ್ವರ್‌ನಲ್ಲಿ ಒಂದು ಫೈಲೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿಗೆ ಹೊಸದೊಂದು ಬಾಲ ಅಂಟಿದೆ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ.

ಕಾರ್ಖಾನೆಯ ಹೆಸರು ಬೇಡ. ಆ ಸರ್ವರನ್ನು 2018ರಲ್ಲಿ ಕೂರಿಸಿದವನು ನಾನೇ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಎಂದು ಈ ಹೆದ್ದಾರಿಯುದ್ದಕ್ಕೂ ಇಂಥ ಕಾರ್ಖಾನೆಗಳ ನೆಟ್‌ವರ್ಕ್ ಕೆಲಸ ಮಾಡಿಕೊಂಡಿರುವವನು ನಾನು. ಬೇರೆಯವರ ತಪ್ಪಿನ ಕಥೆಯಾಗಿದ್ದರೆ ಬಹುಶಃ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಅಂಗಳದಲ್ಲಿ ಏನೇನಿತ್ತು

ಸ್ಪಾಂಜ್ ಐರನ್ ಕಾರ್ಖಾನೆ ಎಂದರೆ ನೋಡದವರಿಗೆ ಒಂದು ಮಾತು. ಸಂಡೂರು ಕಡೆಯಿಂದ ಅದಿರು ಬರುತ್ತದೆ, ಜೊತೆಗೆ ಕಲ್ಲಿದ್ದಲು, ಡೋಲೊಮೈಟ್. ಇವೆಲ್ಲ ಸೇರಿ ನಿಧಾನವಾಗಿ ಸುತ್ತುವ ಉದ್ದನೆಯ ಕಿಲ್ನ್ ಒಳಗೆ ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಬೇಯುತ್ತವೆ. ಅದಿರು ಕರಗುವುದಿಲ್ಲ, ಅದರೊಳಗಿನ ಆಮ್ಲಜನಕ ಮಾತ್ರ ಹೋಗಿ ರಂಧ್ರ ರಂಧ್ರವಾದ ಕಬ್ಬಿಣ ಉಳಿಯುತ್ತದೆ. ಹಗಲು ರಾತ್ರಿ ನಡೆಯುವ ಕೆಲಸ. ಆದರೆ ದುಡ್ಡಿನ ಲೆಕ್ಕ ಶುರುವಾಗುವುದು ಕಿಲ್ನ್‌ನಲ್ಲಲ್ಲ, ಗೇಟಿನ ಪಕ್ಕದ ಕಾಟಾದಲ್ಲಿ. ಲಾರಿ ಭರ್ತಿ ಬಂದು ತೂಗಬೇಕು, ಖಾಲಿ ಹೋಗುವಾಗ ಮತ್ತೆ ತೂಗಬೇಕು. ಕಾಟಾ ನಿಂತರೆ ಅರ್ಧ ಗಂಟೆಯಲ್ಲಿ ಲಾರಿಗಳ ಸಾಲು ರಸ್ತೆಗೆ ಬರುತ್ತದೆ, ಒಂದು ಗಂಟೆಯಲ್ಲಿ ಡ್ರೈವರುಗಳ ಬೈಗುಳ ಆಫೀಸಿಗೆ ಬರುತ್ತದೆ.

ಈ ಕಾಟಾದ ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು 2014ರ ಏಪ್ರಿಲ್ 8ಕ್ಕೇ ಕೈಬಿಟ್ಟಿತ್ತು. ಆದರೂ ಅದು ಉಳಿದಿತ್ತು. ತೂಕದ ತಂತ್ರಾಂಶದ ಲೈಸೆನ್ಸ್ ಇದ್ದದ್ದು ಹಳೆಯ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಒಂದು ಡಾಂಗಲ್‌ನಲ್ಲಿ. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಮಾಡಿಕೊಟ್ಟವರು ಅಂಗಡಿ ಮುಚ್ಚಿ ಹೋಗಿ ವರ್ಷಗಳಾಗಿದ್ದವು.

ಕಿಲ್ನ್ ಕಂಟ್ರೋಲ್ ರೂಮಿನಲ್ಲಿ ಎರಡು, ಲ್ಯಾಬಿನ ಕಾರ್ಬನ್-ಸಲ್ಫರ್ ಯಂತ್ರಕ್ಕೆ ಒಂದು, ಹೀಗೆ ಮೂರು ವಿಂಡೋಸ್ 7. ಆಫೀಸಿನಲ್ಲಿ ಹದಿನಾಲ್ಕು ವಿಂಡೋಸ್ 10, ಹಿಂದಿನ ದೀಪಾವಳಿಗೆ ತಂದ ಐದು ವಿಂಡೋಸ್ 11 ಲ್ಯಾಪ್‌ಟಾಪ್. ಮಾಲೀಕರಿಗೂ ಅವರ ಮಗನಿಗೂ ಒಂದೊಂದು ಮ್ಯಾಕ್‌ಬುಕ್. ಇವೆಲ್ಲಕ್ಕೂ ಸೇರಿ ಒಂದು ಸರ್ವರ್, ಅದರಲ್ಲಿ ಲಿನಕ್ಸ್‌ನ ಸೆಂಟ್‌ಒಎಸ್ 7. ಒಟ್ಟು 26. ಇವಲ್ಲದೆ ಕ್ಯಾಮೆರಾಗಳ ರೆಕಾರ್ಡರ್, ಬೆರಳಚ್ಚಿನ ಹಾಜರಿ ಯಂತ್ರ ಮತ್ತು ಎಲ್ಲರ ಜೇಬಿನ ಆಂಡ್ರಾಯ್ಡ್.

ಇವು ಒಂದರ ಭಾಷೆ ಇನ್ನೊಂದಕ್ಕೆ ಸರಿಯಾಗಿ ಅರ್ಥವಾಗದವು. ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಭಾಷೆ ಎಸ್‌ಎಂಬಿ. ಎಕ್ಸ್‌ಪಿಗೆ ಬರುವುದು ಅದರ ಹಳೆಯ ಮೊದಲ ಆವೃತ್ತಿ, ‘ಎಸ್‌ಎಂಬಿ ಒಂದು’ ಮಾತ್ರ. ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ 2017ರ ಕೊನೆಯಿಂದ ಅದು ಮೊದಲಿನಿಂದಲೇ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ನಡುವೆ ಸರ್ವರ್‌ನ ಸಾಂಬಾದಲ್ಲಿ (ಲಿನಕ್ಸಿನ ಫೈಲುಗಳನ್ನು ವಿಂಡೋಸ್‌ಗೆ ಹಂಚುವ ತಂತ್ರಾಂಶ) ನಾನೊಂದು ಫೋಲ್ಡರ್ ತೆರೆದಿಟ್ಟಿದ್ದೆ. ಹೆಸರು ‘ಕಾಮನ್’. ಪಾಸ್‌ವರ್ಡ್ ಇಲ್ಲ. ಯಾರು ಬಂದರೂ ಗೆಸ್ಟ್, ಯಾರು ಏನು ಬೇಕಾದರೂ ಬರೆಯಬಹುದು, ಅಳಿಸಬಹುದು. ಆ ಸರ್ವರ್‌ನ ಸಾಂಬಾ ಹಳೆಯ ಪೀಳಿಗೆಯದು, ಅದರಲ್ಲಿ ಎಸ್‌ಎಂಬಿ ಒಂದರ ಬಾಗಿಲು ತಾನಾಗಿಯೇ ತೆರೆದಿರುತ್ತದೆ. ಸಾಂಬಾ ತಂಡ ಅದನ್ನು ಮೊದಲಿಂದಲೇ ಮುಚ್ಚಿ ಕೊಡಲು ಶುರು ಮಾಡಿದ್ದು 2019ರ 4.11 ಆವೃತ್ತಿಯಿಂದ. ಒಂದು ಸಾಲು ಬರೆದಿದ್ದರೆ ನಾನೂ ಮುಚ್ಚಬಹುದಿತ್ತು, ಆದರೆ ಮುಚ್ಚಿದರೆ ಕಾಟಾ ನಿಲ್ಲುತ್ತಿತ್ತು. ಸಂರಚನೆಯ ಫೈಲಿನಲ್ಲಿ ಗೆಸ್ಟ್ ಸಾಲಿನ ಪಕ್ಕ ನನ್ನದೇ ಟಿಪ್ಪಣಿ ಇನ್ನೂ ಇತ್ತು: ‘ತಾತ್ಕಾಲಿಕ’. ಆರು ವರ್ಷದ ತಾತ್ಕಾಲಿಕ.

ದೀಪಾವಳಿಯ ಲ್ಯಾಪ್‌ಟಾಪ್‌ಗಳು ಬಂದಾಗ ನನಗೆ ಒಂದು ಎಚ್ಚರಿಕೆ ಸಿಕ್ಕಿತ್ತು. ಅವು ವಿಂಡೋಸ್ 11ರ 24ಎಚ್2. ಈ ಆವೃತ್ತಿಯಿಂದ ವಿಂಡೋಸ್ ಎಸ್‌ಎಂಬಿ ಮಾತುಕತೆಗೆ ಸಹಿ, ಅಂದರೆ ಮಾತು ನಡುವೆ ಬದಲಾಗಿಲ್ಲವೆಂಬ ಡಿಜಿಟಲ್ ಗುರುತು, ಬೇಕೇ ಬೇಕು ಎನ್ನುತ್ತದೆ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲದ ಮೇಲೆ ಸಹಿ ಎಲ್ಲಿಂದ? ಐದೂ ಲ್ಯಾಪ್‌ಟಾಪ್ ‘ಕಾಮನ್’ ಒಳಗೆ ಹೋಗಲು ಒಪ್ಪಲಿಲ್ಲ. ಅಲ್ಲಿ ಸಿಸ್ಟಮ್ ನೋಡಿಕೊಳ್ಳುವ ಹುಡುಗ ಯಾವುದೋ ವಿಡಿಯೋ ನೋಡಿ, ಸಹಿಯ ಕಡ್ಡಾಯ ತೆಗೆದು ಅಸುರಕ್ಷಿತ ಗೆಸ್ಟ್ ಲಾಗಿನ್‌ಗೆ ಅನುಮತಿ ಕೊಡುವ ದಾರಿ ಕಂಡುಕೊಂಡ. ನನಗೆ ಫೋನ್ ಮಾಡಿ ಕೇಳಿದ, “ಮಾಡ್ಲ್ಯಾ ಸರ?” ನಾನು ಬಳ್ಳಾರಿಯಲ್ಲಿ ಬೇರೊಬ್ಬರ ರ‍್ಯಾಕ್ ಕಟ್ಟುತ್ತಿದ್ದೆ. “ಸದ್ಯಕ್ಕೆ ಮಾಡು, ಆಮೇಲೆ ನೋಡೋಣ” ಎಂದೆ. ಹೊಸ ವಿಂಡೋಸ್ ತಾನಾಗಿ ಹಾಕಿಕೊಂಡಿದ್ದ ಚಿಲಕವನ್ನು ಹಳೆಯ ಸರ್ವರ್‌ಗಾಗಿ ತೆಗೆಸಿದ್ದು ನಾನೇ.

ತೇರಿನ ಸಂಜೆ

ಸರ್ವರ್‌ನ ಕೇಬಲ್ ಕಿತ್ತಿಡಲು ಫೋನಿನಲ್ಲೇ ಹೇಳಿದೆ. ಯಾವ ಸಿಸ್ಟಮನ್ನೂ ಆಫ್ ಮಾಡಬೇಡಿ, ನೆಟ್‌ವರ್ಕ್‌ನಿಂದ ಮಾತ್ರ ಬಿಡಿಸಿ ಎಂದೆ. ಕಾರ್ಖಾನೆ ಮುಟ್ಟಿದಾಗ ಎಂಟೂಕಾಲು.

ಸರ್ವರ್‌ಗೆ ಏನೂ ಆಗಿರಲಿಲ್ಲ. ಇದನ್ನು ಮಾಲೀಕರಿಗೆ ಅರ್ಥ ಮಾಡಿಸಲು ಅರ್ಧ ದಿನ ಹಿಡಿಯಿತು. ಸೆಂಟ್‌ಒಎಸ್‌ನಲ್ಲಿ ಅನುಮಾನದ ಪ್ರೋಸೆಸ್ ಇಲ್ಲ, ಹೊಸ ಬಳಕೆದಾರ ಇಲ್ಲ, ಹೊರಗಿನಿಂದ ಯಾರೂ ಒಳಹೊಕ್ಕ ಗುರುತಿಲ್ಲ. ಲಿನಕ್ಸಿಗೆ ವೈರಸ್ ಹತ್ತಿರಲಿಲ್ಲ. ನಾನು ಕೊಟ್ಟ ಮಾತು ಅಕ್ಷರಶಃ ನಿಜವಾಗಿತ್ತು, ಮೂರು ಕಾಸಿನ ಉಪಯೋಗಕ್ಕೂ ಬರಲಿಲ್ಲ. ಯಾವುದೋ ವಿಂಡೋಸ್ ಕಂಪ್ಯೂಟರಿನಲ್ಲಿ ಕೂತ ರ‍್ಯಾನ್ಸಮ್‌ವೇರ್ ‘ಕಾಮನ್’ಗೆ ಜೋಡಿಸಿದ್ದ ಝಡ್ ಡ್ರೈವ್ ಮೂಲಕ ಬಂದು ಒಂದೊಂದೇ ಫೈಲು ತೆರೆದು, ಬೀಗ ಹಾಕಿ, ಮುಚ್ಚುತ್ತ ಹೋಗಿತ್ತು. ಸರ್ವರ್ ಪಾಲಿಗೆ ಅದು ಎಂದಿನ ಕೆಲಸ. ಯಾರೋ ಗೆಸ್ಟ್ ಫೈಲ್ ಬದಲಿಸುತ್ತಿದ್ದಾನೆ, ಬದಲಿಸಲಿ.

(ಲಿನಕ್ಸ್ ಎಂಬ ಹೆಸರಿಗೇ ನೆಮ್ಮದಿಯಾಗಿ ಕೂರುವವರಿಗೆ 2017ರ ಮೇ ತಿಂಗಳು ನೆನಪಿರಲಿ. ಆ ತಿಂಗಳ 12ರಂದು ವಾನಾಕ್ರೈ ಎಂಬ ದುಡ್ಡು ಕೇಳುವ ವೈರಸ್ ಎಸ್‌ಎಂಬಿ ಒಂದರ ತೂತಿನಿಂದ ವಿಂಡೋಸ್‌ಗಳನ್ನು ಉರುಳಿಸಿತು. ಅದರ ತೇಪೆ (ಪ್ಯಾಚ್) ಮಾರ್ಚ್ 14ರಿಂದಲೇ ಇತ್ತು, ಹಾಕಿಕೊಳ್ಳದವರು ಬಿದ್ದರು. ಎರಡು ವಾರ ಕಳೆಯುವುದರೊಳಗೆ, ಮೇ 24ಕ್ಕೆ, ಸಾಂಬಾದಲ್ಲೇ ಅಷ್ಟೇ ಕೆಟ್ಟ ತೂತು ಬಯಲಾಯಿತು. 2010ರಿಂದ ಅಲ್ಲೇ ಇದ್ದ ತೂತು.)

ಯಾರು ಬಂದದ್ದು? ಸರ್ವರ್‌ನಲ್ಲಿ ಹಾಳಾದ ಪ್ರತಿ ಫೈಲಿನ ಒಡೆಯನ ಹೆಸರು ‘ನೋಬಡಿ’. ಗೆಸ್ಟ್ ಆಗಿ ಬಂದವರಿಗೆಲ್ಲ ಲಿನಕ್ಸ್ ಕೊಡುವ ಹೆಸರು ಅದು. ಅಕೌಂಟೆಂಟ್, ಕಾಟಾದವನು, ಮಾಲೀಕರು, ಕಳ್ಳ, ಎಲ್ಲರೂ ‘ಯಾರೂ ಅಲ್ಲ’. ಎಲ್ಲರಿಗೂ ಅನುಕೂಲ ಎಂದು ನಾನೇ ಕೊಟ್ಟ ಹೆಸರು.

ದಾರಿ ತೋರಿಸಿದ್ದು ಒಂದು ಸರಳ ಲೆಕ್ಕ. ‘ಕಾಮನ್’ ಎಲ್ಲರಿಗೂ ಹಾಳಾಗಿ ಕಾಣುತ್ತದೆ, ಸರಿ. ಆದರೆ ರೋಗ ಹುಟ್ಟಿದ ಸಿಸ್ಟಮಿನಲ್ಲಿ ಅದರದೇ ಡೆಸ್ಕ್‌ಟಾಪ್, ಅದರದೇ ಡಾಕ್ಯುಮೆಂಟ್ಸ್ ಕೂಡ ಹಾಳಾಗಿರಬೇಕು. ಒಂದೊಂದೇ ತೆರೆದು ನೋಡುತ್ತ ಹೋದೆವು. ಕಾರ್ಮಿಕರ ಹಾಜರಿ ನೋಡುವ ಟೈಮ್ ಆಫೀಸಿನ ವಿಂಡೋಸ್ 10ರಲ್ಲಿ ಸಿಕ್ಕಿತು.

ಟೈಮ್ ಆಫೀಸಿನ ಗುಮಾಸ್ತರಿಗೆ ಆ ವಾರ ಬೇರೆ ಕಂಪ್ಯೂಟರ್ ಕೊಟ್ಟಿದ್ದರು. ಪಂಚಾಯಿತಿಗೆ, ಕಾರ್ಮಿಕ ಇಲಾಖೆಗೆ ಬರೆದ ಹತ್ತು ವರ್ಷದ ಕನ್ನಡ ಪತ್ರಗಳೆಲ್ಲ ಅವರ ಬಳಿ ಹಳೆಯ ನುಡಿ ಅಕ್ಷರದಲ್ಲಿದ್ದವು, ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನು ಕಾಣುತ್ತದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮರುದಿನಕ್ಕೆ ಒಂದು ಪತ್ರ ಬೇಕಿತ್ತು. ಹುಡುಗ ಜಾತ್ರೆಗೆ ಹೋಗಿದ್ದ. ಗುಮಾಸ್ತರು ತಾವೇ ಹುಡುಕಿ, ಎದುರಿಗೆ ಬಂದ ಯಾವುದೋ ಡೌನ್‌ಲೋಡ್ ತಾಣದಿಂದ ನುಡಿ ಎಂಬ ಹೆಸರಿನ ಒಂದು ಪೊಟ್ಟಣ ಇಳಿಸಿಕೊಂಡರು. ನಿಜವಾದ ನುಡಿ ಕನ್ನಡ ಗಣಕ ಪರಿಷತ್ತಿನದು, ಪುಕ್ಕಟೆ ಸಿಗುತ್ತದೆ. ಇವರು ಇಳಿಸಿದ್ದು ಅದಲ್ಲ. ವಿಂಡೋಸ್‌ನದೇ ವೈರಸ್ ಕಾವಲುಗಾರ ಡಿಫೆಂಡರ್ ತಡೆಯಬೇಕಿತ್ತು, ಆದರೆ ಹಿಂದೊಮ್ಮೆ ಕಾಟಾ ತಂತ್ರಾಂಶದ ಒಂದು ಫೈಲನ್ನು ಅದು ಎತ್ತಿಹಾಕಿತ್ತೆಂಬ ಸಿಟ್ಟಿಗೆ ಯಾರೋ ಇಡೀ ಸಿ ಡ್ರೈವನ್ನೇ ಅದರ ಕಣ್ಣಿನಿಂದ ಮರೆ ಮಾಡಿಟ್ಟಿದ್ದರು. ಅಡ್ಮಿನ್ ಹಕ್ಕು ಎಲ್ಲರಿಗೂ ಇದ್ದಂತೆ ಅವರಿಗೂ ಇತ್ತು.

ಬ್ಯಾಕಪ್? ಸರ್ವರ್‌ಗೆ ಸದಾ ಚುಚ್ಚಿಟ್ಟ ಯುಎಸ್‌ಬಿ ಡಿಸ್ಕ್. ರಾತ್ರಿ ಹನ್ನೊಂದಕ್ಕೆ ನಕಲು ಮಾಡುವ ಆರ್‌ಸಿಂಕ್ ಓಡುತ್ತಿತ್ತು, ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸು ಎಂಬ ಆದೇಶದೊಂದಿಗೆ. ಅದು ತನ್ನ ಕರ್ತವ್ಯ ಮಾಡಿತು. ಬೀಗ ಬಿದ್ದ ಫೈಲುಗಳನ್ನು ನಿಷ್ಠೆಯಿಂದ ನಕಲಿಸಿ, ಒಳ್ಳೆಯ ಫೈಲುಗಳನ್ನು ನಿಷ್ಠೆಯಿಂದ ಅಳಿಸಿತು. ರ‍್ಯಾನ್ಸಮ್‌ವೇರ್ ಮುಟ್ಟದ ಡಿಸ್ಕನ್ನು ನನ್ನ ಸ್ಕ್ರಿಪ್ಟ್ ಹಾಳು ಮಾಡಿತ್ತು. ಮಾಲೀಕರ ಮ್ಯಾಕ್‌ನ ಟೈಮ್ ಮಶೀನ್ ನಕಲು ಕೂಡ ‘ಕಾಮನ್’ ಒಳಗೇ ಇದ್ದದ್ದರಿಂದ ಅದೂ ಹೋಗಿತ್ತು.

ನಾಲ್ಕು ಗಡಿಯಾರ

ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವ ಭಾಗ ಇದು.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಎಲ್ಲ ಸಿಸ್ಟಮುಗಳ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ಮೊದಲನೆಯದನ್ನು ಮಾಡಿದೆವು. ಮಧ್ಯಾಹ್ನ ಒಂದರೊಳಗೆ ಮೇಲ್ ಹೋಯಿತು, ಆಮೇಲೆ ಸೈಬರ್ ಅಪರಾಧ ನೋಡುವ ಕೊಪ್ಪಳದ ಸಿಇಎನ್ ಠಾಣೆಗೆ ದೂರು. ಮೂರನೆಯದನ್ನು ನಾನು ಯಾವತ್ತೂ ಗಂಭೀರವಾಗಿ ತಗೊಂಡಿರಲಿಲ್ಲ. ದೊಡ್ಡವರ ಕಾಗದಪತ್ರದ ಶಾಸ್ತ್ರ ಎಂದುಕೊಂಡಿದ್ದೆ.

ಫೈಲುಗಳ ಮೇಲಿನ ಸಮಯ ನೋಡಿದರೆ ಸರ್ವರ್‌ನಲ್ಲಿ ಮೊದಲ ಫೈಲು ಹಾಳಾದದ್ದು 14 ಗಂಟೆ 38 ನಿಮಿಷಕ್ಕೆ. ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿತ್ತು; ಐದೂವರೆ ಗಂಟೆ ಕೂಡಿಸಿದರೆ ರಾತ್ರಿ 8:08. ಮಾಲೀಕರು ಕ್ಯಾಮೆರಾ ರೆಕಾರ್ಡರ್ ತೆರೆಸಿ ಟೈಮ್ ಆಫೀಸಿನ 8:08ರ ದೃಶ್ಯ ನೋಡಿದರು. ಗುಮಾಸ್ತರ ಕುರ್ಚಿ ಖಾಲಿ. ಕಂಪ್ಯೂಟರ್ ಎದುರು ಬಗ್ಗಿ ನಿಂತವನು ಕಾಟಾ ಆಪರೇಟರ್.

ಅವನಿಗೆ ಅಲ್ಲೇನು ಕೆಲಸ? ಎರಡು ತಿಂಗಳ ಹಿಂದೆ ತೂಕದ ವಿಷಯದಲ್ಲಿ ಒಂದು ಮಾತುಕತೆ ಬೇರೆ ಆಗಿತ್ತಂತೆ. ಒಂದು ಗಂಟೆಯೊಳಗೆ ಅವನನ್ನು ಮನೆಗೆ ಕಳಿಸುವ ತೀರ್ಮಾನವಾಯಿತು. ಅವನು ಗೇಟಿನ ಹತ್ತಿರ ನಿಂತು, “ಸರ್ವರ್ ಬರವಲ್ದು ಅಂತ ಹೇಳಾಕ ಹೋಗಿದ್ನಿರೀ” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಸುಮ್ಮನೆ ಅನುಮಾನ ಬಂದು ನನ್ನ ಮೊಬೈಲಿನ ಗಡಿಯಾರವನ್ನು ಟೈಮ್ ಆಫೀಸಿನ ಕ್ಯಾಮೆರಾಕ್ಕೆ ಹಿಡಿದು, ರೆಕಾರ್ಡರ್‌ನಲ್ಲಿ ಅದೇ ಚಿತ್ರ ತೆರೆದು ನೋಡಿದೆ. ರೆಕಾರ್ಡರ್ 19 ನಿಮಿಷ ಹಿಂದೆ ಇತ್ತು. ಅಂದರೆ ಅದರ 8:08 ನಿಜದಲ್ಲಿ 8:27. ಕಾಟಾದ ಎಕ್ಸ್‌ಪಿ ನೋಡಿದೆ. ಮದರ್‌ಬೋರ್ಡಿನ ಸೆಲ್ ಸತ್ತು, ಪ್ರತಿ ಸಲ ಕೈಯಲ್ಲಿ ಸಮಯ ಹೊಂದಿಸುತ್ತಿದ್ದರಿಂದ ಅದು 11 ನಿಮಿಷ ಮುಂದೆ. ಅದರ ಲಾಗ್‌ನಲ್ಲಿ ‘ಕಾಮನ್’ಗೆ ಬರೆಯಲಾಗಲಿಲ್ಲ ಎಂಬ ಮೊದಲ ದೋಷ 8:19ಕ್ಕೆ, ನಿಜದಲ್ಲಿ 8:08ಕ್ಕೆ. ಇಂಟರ್ನೆಟ್‌ನಿಂದ ಸಮಯ ಪಡೆಯುತ್ತಿದ್ದ ಗುಮಾಸ್ತರ ವಿಂಡೋಸ್ ಒಂದೇ ಸರಿಯಿತ್ತು: ಡೌನ್‌ಲೋಡ್ 7:52ಕ್ಕೆ, ಓಡಿಸಿದ್ದು 8:03ಕ್ಕೆ. ಓಡಿಸಿ, ಏನೂ ಆಗಲಿಲ್ಲವೆಂದು ಗುಮಾಸ್ತರು ಚಹಾ ಕುಡಿಯಲು ಎದ್ದು ಹೋಗಿದ್ದರು. ಕಾಟಾದವನು ಹದಿನೈದು ನಿಮಿಷ ಕಾದು ನೋಡಿ, ದೂರು ಹೇಳಲು ಬಂದು, ಯಾರೂ ಇಲ್ಲದ್ದು ಕಂಡು ಪರದೆ ಇಣುಕಿ ನೋಡಿ ಹೋಗಿದ್ದ.

ನಾಲ್ಕು ಗಡಿಯಾರವನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದು ಮಾಲೀಕರ ಮುಂದಿಟ್ಟೆ. ಅವರು ಎರಡು ಸಲ ಓದಿ, ಕಾಟಾದವನನ್ನು ಒಳಗೆ ಕರೆಸಿ ಚಹಾ ತರಿಸಿದರು. ಕ್ಷಮೆಯ ಮಾತು ಬರಲಿಲ್ಲ, ನಮ್ಮ ಕಡೆ ಚಹಾನೇ ಅದು. ಗುಮಾಸ್ತರ ಮೇಲೂ ಕ್ರಮವಾಗಲಿಲ್ಲ. ಅವರಿಗೆ ಅಡ್ಮಿನ್ ಹಕ್ಕು ಕೊಟ್ಟವರು ಯಾರೆಂಬ ಪ್ರಶ್ನೆ ಬಂದಾಗ ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

ಉಳಿದುಕೊಂಡದ್ದು

ದುಡ್ಡು ಕೊಡಲಿಲ್ಲ. ಕೊಡದೆ ಬದುಕಿದ್ದು ನಮ್ಮ ಜಾಣತನದಿಂದ ಅಲ್ಲ.

ಅಕೌಂಟೆಂಟ್‌ಗೆ ಪ್ರತಿ ಶನಿವಾರ ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿಗೆ ಹಾಕಿ ಮನೆಗೆ ಒಯ್ಯುವ ಚಟ. ನಿಯಮದ ಪ್ರಕಾರ ತಪ್ಪು, ನಾನೇ ಎರಡು ಸಲ ಬೈದಿದ್ದೆ. ಆ ಪೆನ್‌ಡ್ರೈವ್ ಇಡೀ ವರ್ಷದ ಲೆಕ್ಕ ಉಳಿಸಿತು. ನಂತರದ ದಿನಗಳ ಇ-ವೇ ಬಿಲ್ ವಿವರ ಪೋರ್ಟಲ್‌ನಿಂದ ಬಂತು. ತೂಕದ ದಾಖಲೆ ಪೂರ್ತಿ ಸಿಕ್ಕಿದ್ದು ಎಲ್ಲರೂ ಹೆದರುತ್ತಿದ್ದ ಎಕ್ಸ್‌ಪಿಯಲ್ಲಿ. ಅದು ‘ಕಾಮನ್’ಗೆ ಬರೆಯುತ್ತಿತ್ತೇ ಹೊರತು ತನ್ನ ಡಿಸ್ಕಿನಲ್ಲಿ ಬೇರೆಯವರಿಗೆ ಯಾವ ಫೋಲ್ಡರನ್ನೂ ತೆರೆದಿರಲಿಲ್ಲ. ಈ ರ‍್ಯಾನ್ಸಮ್‌ವೇರ್ ಡ್ರೈವ್ ಅಕ್ಷರ ಹಿಡಿದು ಓಡಾಡುವ ಸಣ್ಣ ಜಾತಿಯದು. ವಾನಾಕ್ರೈಯಂತೆ ತೂತು ಹುಡುಕಿ ನೆಗೆಯುವಂಥದ್ದಾಗಿದ್ದರೆ ಮೊದಲು ಸಾಯುತ್ತಿದ್ದದ್ದೇ ಎಕ್ಸ್‌ಪಿ. ಅಕೌಂಟೆಂಟ್ ಈಗಲೂ “ನಿಮ್ಮ ಹೊಸಾ ಸಿಸ್ಟಮ್‌ಕಿಂತ ಹಳೇದ ಚಲೋ ಅಲ್ರೀ” ಎನ್ನುತ್ತಾರೆ, ನಾನು ವಾದ ಮಾಡುವುದು ಬಿಟ್ಟಿದ್ದೇನೆ. ಡಾಟ್ ಮ್ಯಾಟ್ರಿಕ್ಸ್‌ನ ಮೂರು ಪ್ರತಿ ಕಾರ್ಬನ್ ಚೀಟಿಗಳೂ ಇದ್ದವು. ಲಾರಿ ಮಾಲೀಕರು ತಕರಾರು ಎತ್ತಿದ ಕಡೆ ಅವೇ ಮಾತಾಡಿದವು.

ಹೋದದ್ದು ಲ್ಯಾಬಿನ ಹಳೆಯ ವರದಿಗಳು, ಟೈಮ್ ಆಫೀಸಿನ ಪತ್ರಗಳು, ಮಾಲೀಕರ ಮಗನ ಮದುವೆಯ ಫೋಟೋ. ಮೂರನೆಯದರ ಬಗ್ಗೆ ಹೆಚ್ಚು ಬರೆಯಲಾರೆ.

ಮತ್ತೆ ಕಟ್ಟಿದ್ದು

ಎಲ್ಲವನ್ನೂ ಒಂದೇ ಆಪರೇಟಿಂಗ್ ಸಿಸ್ಟಮ್‌ಗೆ ತಂದುಬಿಡಿ ಎಂದು ಬೆಂಗಳೂರಿನಿಂದ ಬಂದ ಒಬ್ಬ ಮಾರಾಟಗಾರರು ಸಲಹೆ ಕೊಟ್ಟರು. ಡಾಂಗಲ್ ತೋರಿಸಿದೆ, ಸುಮ್ಮನಾದರು. ಬಗೆಬಗೆಯ ಸಿಸ್ಟಮುಗಳು ಇದ್ದೇ ಇರುತ್ತವೆ. ನಾವು ಸುಟ್ಟುಕೊಂಡದ್ದು ಅವು ಒಂದನ್ನೊಂದು ಮುಟ್ಟುವ ಜಾಗಗಳಲ್ಲಿ: ಪಾಸ್‌ವರ್ಡೇ ಇಲ್ಲದ ಒಂದು ಫೋಲ್ಡರ್, ನಾಲ್ಕು ಗಡಿಯಾರ. ಹಾಗಾಗಿ ಕೆಲಸವನ್ನು ಅಲ್ಲಿಂದಲೇ ಶುರು ಮಾಡಿದೆವು.

ಮೊದಲು ಕಾಟಾ. ಎಕ್ಸ್‌ಪಿಯನ್ನು ಆಫೀಸಿನ ನೆಟ್‌ವರ್ಕ್‌ನಿಂದ ಪೂರ್ತಿ ಕಿತ್ತೆವು. ಅದಕ್ಕೂ ಆಫೀಸಿಗೂ ನಡುವೆ ಎರಡು ನೆಟ್‌ವರ್ಕ್ ಕಾರ್ಡಿನ ಒಂದು ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ ಕೂರಿಸಿದೆ. ಹುಡುಗ ಅದಕ್ಕೆ ‘ದುಭಾಷಿ’ ಎಂದು ಹೆಸರಿಟ್ಟ. ಅದರ ಒಂದು ಕಡೆ ಎಕ್ಸ್‌ಪಿ ಮಾತ್ರ, ಎಸ್‌ಎಂಬಿ ಒಂದರ ಹಳೆಯ ಮಾತು ಆ ಒಂದು ಕೇಬಲ್ ದಾಟುವುದಿಲ್ಲ. ಎಕ್ಸ್‌ಪಿ ತೂಕದ ಚೀಟಿಗಳನ್ನು ತನ್ನದೇ ಒಂದು ಫೋಲ್ಡರಿನಲ್ಲಿ ಇಡುತ್ತದೆ, ದುಭಾಷಿ ಹತ್ತು ನಿಮಿಷಕ್ಕೊಮ್ಮೆ ಹೋಗಿ ಓದಿಕೊಂಡು ಬರುತ್ತದೆ. ಅಲ್ಲಿ ಬರೆಯುವ ಹಕ್ಕು ಅದಕ್ಕಿಲ್ಲ. ಇನ್ನೊಂದು ಕಡೆಯಿಂದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಕೀಲಿ ಬಳಸಿ ಸರ್ವರ್‌ಗೆ ತಲುಪಿಸುತ್ತದೆ. ಆಫೀಸಿನಿಂದ ಎಕ್ಸ್‌ಪಿಗೆ ದಾರಿ ಇಲ್ಲ, ಎಕ್ಸ್‌ಪಿಯಿಂದ ಇಂಟರ್ನೆಟ್‌ಗೂ ಇಲ್ಲ. ಸತ್ತ ಸೆಲ್ ಬದಲಿಸಿದ್ದಕ್ಕೆ ಐವತ್ತು ರೂಪಾಯಿಯೂ ಆಗಲಿಲ್ಲ.

ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿತ್ತು. ಹೊಸ ಸರ್ವರ್‌ಗೆ ಡೆಬಿಯನ್ 12, ಅದರ ಮೇಲೆ ಸಾಂಬಾವನ್ನೇ ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್ ಆಗಿ, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್, ಹಕ್ಕುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಯಜಮಾನನಾಗಿ ನಿಲ್ಲಿಸಿದೆ. ಸೆಂಟ್‌ಒಎಸ್‌ನಂಥ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಕುಟುಂಬದ ಪ್ಯಾಕೇಜುಗಳಲ್ಲಿ ಸಾಂಬಾ ಈ ಪಾತ್ರ ವಹಿಸುವುದಿಲ್ಲ, ಡೆಬಿಯನ್ ಆರಿಸಿದ್ದು ಅದಕ್ಕೇ. ವಿಂಡೋಸ್ ಸರ್ವರ್ ಕೊಂಡರೆ ಆಗುವ ಲೈಸೆನ್ಸ್ ಖರ್ಚನ್ನು ಮಾಲೀಕರು ಕೇಳಲೂ ಸಿದ್ಧರಿರಲಿಲ್ಲ. ಆದರೆ ಖರ್ಚು ಬೇರೆ ಬಾಗಿಲಿನಿಂದ ಬಂತು: ಆಫೀಸಿನ ಆರು ಕಂಪ್ಯೂಟರ್ ‘ಹೋಮ್’ ಆವೃತ್ತಿಯವು, ಹೋಮ್ ಡೊಮೇನ್ ಸೇರುವುದಿಲ್ಲ. ಆರಕ್ಕೂ ಪ್ರೊ ಕೊಳ್ಳಬೇಕಾಯಿತು.

ಈಗ ಎಲ್ಲರಿಗೂ ಅವರವರ ಹೆಸರು. ಅಕೌಂಟ್ಸ್ ಫೋಲ್ಡರ್ ಅಕೌಂಟ್ಸಿನವರಿಗೆ, ಲ್ಯಾಬಿನದು ಲ್ಯಾಬಿಗೆ. ಸಹಿ ಕಡ್ಡಾಯ, ದೀಪಾವಳಿಯ ಲ್ಯಾಪ್‌ಟಾಪ್‌ಗಳಲ್ಲಿ ನಾವು ತೆಗೆಸಿದ್ದ ಚಿಲಕ ಮತ್ತೆ ಬಿತ್ತು. ಯಾರು ಯಾವ ಫೈಲ್ ತೆರೆದರು, ಬದಲಿಸಿದರು, ಅಳಿಸಿದರು ಎಂದು ಬರೆದಿಡಲು ಸಾಂಬಾದಲ್ಲಿ ಬೇರೆ ಮಾಡ್ಯೂಲ್ ಇದೆ, ತಾನಾಗಿ ಓಡುವುದಿಲ್ಲ. ಅದನ್ನು ಚಾಲೂ ಮಾಡಿದೆ. ‘ನೋಬಡಿ’ಯ ಕಾಲ ಮುಗಿಯಿತು. ಅಡ್ಮಿನ್ ಹಕ್ಕು ಎಲ್ಲರಿಂದ ಹೋಯಿತು, ಮಾಲೀಕರಿಂದಲೂ. ಅವರ ಜೊತೆ ಮೂರು ದಿನ ಜಗಳ. “ನನ್ನ ಫ್ಯಾಕ್ಟರಿಯೊಳಗ ನನಗ ಪರ್ಮಿಷನ್ ಬೇಕಾ?” ಬೇಕು ಎಂದೆ. ಮಗ ತಂದೆಯನ್ನು ಒಪ್ಪಿಸಿದ. ಫೋಟೋ ಕಳೆದುಕೊಂಡವನಲ್ಲವೇ.

ಗಡಿಯಾರದ ಸಮಸ್ಯೆ ಡೊಮೇನ್‌ನಿಂದಲೇ ಅರ್ಧ ಬಗೆಹರಿಯಿತು. ಸರ್ವರ್‌ನಲ್ಲಿ ಸಮಯ ಹೊಂದಿಸುವ ಕ್ರೋನಿ ತಂತ್ರಾಂಶ ಎನ್‌ಐಸಿ ಮತ್ತು ಭೌತಿಕ ಪ್ರಯೋಗಾಲಯದ ಸಮಯ ನೋಡುತ್ತದೆ, ಉಳಿದವು ಸರ್ವರನ್ನು ನೋಡುತ್ತವೆ. ಡೊಮೇನ್‌ನಲ್ಲಿ ಬಂದವರ ಗುರುತು ಪರೀಕ್ಷಿಸುವ ಕೆರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ. ಗಡಿಯಾರ ತಪ್ಪಿದ ಸಿಸ್ಟಮಿನಿಂದ ಫೋಲ್ಡರ್ ತೆರೆಯುವುದೇ ಇಲ್ಲ. ಮೊದಲು ಯಾರಿಗೂ ಗೊತ್ತಾಗದ ದೋಷ, ಈಗ ಐದು ನಿಮಿಷ ದಾಟಿದರೆ ಫೋನು ಬರುತ್ತದೆ. ಕ್ಯಾಮೆರಾ ರೆಕಾರ್ಡರ್‌ಗೂ ಎಕ್ಸ್‌ಪಿಗೂ ಸಮಯದ ವಿಳಾಸ ಬೇರೆಯಾಗಿ ತುಂಬಿಸಿದೆ, ಎಕ್ಸ್‌ಪಿಗೆ ದುಭಾಷಿಯೇ ಗಡಿಯಾರ.

ಮ್ಯಾಕ್‌ಗಳನ್ನು ಡೊಮೇನ್‌ಗೆ ಸೇರಿಸಲಿಲ್ಲ. ಸೇರಿಸಬಹುದು, ಆದರೆ ಮನೆಗೂ ಬೆಂಗಳೂರಿಗೂ ಓಡಾಡುವ ಎರಡು ಲ್ಯಾಪ್‌ಟಾಪ್‌ಗೆ ಅದು ತಲೆನೋವು. ಡಿಸ್ಕಿಗೇ ಬೀಗ ಹಾಕುವ ಫೈಲ್‌ವಾಲ್ಟ್ ಹಾಕಿಸಿ, ದಿನದ ಬಳಕೆಗೆ ಸಾಮಾನ್ಯ ಖಾತೆ ಮಾಡಿಕೊಟ್ಟೆ. ಮಾಲೀಕರದು 2015ರ ಮ್ಯಾಕ್, ಮ್ಯಾಕ್‌ಒಎಸ್‌ನ ಮಾಂಟೆರೇ ಆವೃತ್ತಿಗಿಂತ ಮುಂದೆ ಹೋಗುವುದಿಲ್ಲ. ಆಪಲ್ ಇಂಥ ದಿನಕ್ಕೆ ಬೆಂಬಲ ಮುಗಿಯುತ್ತದೆ ಎಂದು ಮೈಕ್ರೋಸಾಫ್ಟ್‌ನಂತೆ ತಾರೀಕು ಹೇಳುವುದಿಲ್ಲ, ಆದರೆ ರೂಢಿಯಲ್ಲಿ ಇತ್ತೀಚಿನ ಮೂರು ಆವೃತ್ತಿಗೆ ಮಾತ್ರ ತೇಪೆ ಬರುತ್ತದೆ. ಮ್ಯಾಕ್‌ಗೆ ಏನೂ ಆಗುವುದಿಲ್ಲವೆಂಬ ನಂಬಿಕೆ ಅವರದು. ಲಿನಕ್ಸ್ ಬಗ್ಗೆ ನಾನು ಆಡಿದ ಮಾತಿಗೂ ಇದಕ್ಕೂ ವ್ಯತ್ಯಾಸ ಕಾಣದೆ ಸುಮ್ಮನಿದ್ದೆ. ಯುಗಾದಿಗೆ ಹೊಸದು ತಂದರು.

ಬ್ಯಾಕಪ್ ಡಬ್ಬಿ ಈಗ ಬೇರೆ, ಬೇರೆ ಕೋ‍ಣೆಯಲ್ಲಿ. ಸರ್ವರ್ ಅದಕ್ಕೆ ಬರೆಯುವುದಿಲ್ಲ, ಅದೇ ಬಂದು ಸರ್ವರ್‌ನಿಂದ ಎಳೆದುಕೊಳ್ಳುತ್ತದೆ. ಅದರ ಮೇಲೆ ಸಾಂಬಾ ಇಲ್ಲವೇ ಇಲ್ಲ, ಯಾವ ವಿಂಡೋಸ್‌ಗೂ ಅದು ಕಾಣುವುದಿಲ್ಲ. ಆಯಾ ಹೊತ್ತಿನ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ಇರುವುದರಿಂದ ಹಾಳಾದ ಫೈಲು ಬಂದರೂ ನಿನ್ನೆಯದು ನಿನ್ನೆಯದಾಗಿಯೇ ಉಳಿಯುತ್ತದೆ. ವಾರಕ್ಕೊಂದು ಡಿಸ್ಕ್ ಕೊಪ್ಪಳದ ಆಫೀಸಿಗೆ ಹೋಗುತ್ತದೆ, ಅಕೌಂಟೆಂಟ್ ಕೈಯಲ್ಲೇ, ಈಗ ಬೀಗ ಹಾಕಿದ ಡಿಸ್ಕ್. ಅವರ ಚಟಕ್ಕೆ ಅಧಿಕೃತ ಮುದ್ರೆ ಬಿತ್ತು.

ಎಲ್ಲ ಲಾಗ್‌ಗಳನ್ನು ಒಂದೆಡೆ ತರಲು ವಾಜೂ ಎಂಬ ತಂತ್ರಾಂಶ ಹಾಕಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಅದರ ಏಜೆಂಟ್ ಇದೆ. ಮೊದಲ ವಾರ ಎಚ್ಚರಿಕೆಗಳ ಮಳೆ. ಹುಡುಗ ಕೂತು ಸೋಸಿದ. ಆದರೆ ಏಜೆಂಟ್ ಇರಲಿ, ವಿಂಡೋಸ್ ತೇಪೆ ಇರಲಿ, ಎಲ್ಲ ಕಡೆ ಒಂದೇ ದಿನ ಹೊಸದನ್ನು ಹಾಕುವುದಿಲ್ಲ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದದ್ದನ್ನು ನೋಡಿದ ಮೇಲೆ ಮೊದಲು ಎರಡರ ಮೇಲೆ, ಮೂರು ದಿನ ಬಿಟ್ಟು ಉಳಿದವುಗಳ ಮೇಲೆ.

ಕಿಲ್ನ್ ನಿಂತಾಗ

ಕಂಟ್ರೋಲ್ ರೂಮಿನ ಎರಡು ವಿಂಡೋಸ್ 7 ಮುಟ್ಟುವ ಧೈರ್ಯ ಆಗ ಯಾರಿಗೂ ಇರಲಿಲ್ಲ, ನನಗೂ. ಕಾದ ಕಿಲ್ನ್ ಸುತ್ತುವುದು ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಕರೆಂಟ್ ಹೋದರೂ ಡೀಸೆಲ್ ಜನರೇಟರ್‌ನಿಂದ ನಿಧಾನವಾಗಿಯಾದರೂ ಸುತ್ತಿಸುತ್ತಲೇ ಇರಬೇಕು. ‘ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ಪರದೆಗೆ ಅಲ್ಲಿ ಜಾಗವಿಲ್ಲ.

ಅಲ್ಲಿನ ಪಿಎಲ್‌ಸಿಗಳು (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರುಗಳು) ಮಾಡ್‌ಬಸ್ ಮಾತಾಡುತ್ತವೆ. 1979ರಲ್ಲಿ ಹುಟ್ಟಿದ ಭಾಷೆ, ಅದರಲ್ಲಿ ಪಾಸ್‌ವರ್ಡ್ ಎಂಬ ಕಲ್ಪನೆಯೇ ಇಲ್ಲ. ಅದೇ ನೆಟ್‌ವರ್ಕ್‌ನಲ್ಲಿರುವ ಯಾರು ಆಜ್ಞೆ ಕೊಟ್ಟರೂ ಪಾಲಿಸುತ್ತದೆ. ಮಾಲೀಕರಿಗೆ ಮೊಬೈಲಿನಲ್ಲಿ ಕಿಲ್ನ್ ಉಷ್ಣತೆ ಕಾಣಬೇಕೆಂದು ಯಾರೋ ಕಂಟ್ರೋಲ್ ರೂಮಿನ ಸ್ವಿಚ್ಚಿನಿಂದ ಆಫೀಸಿನ ಸ್ವಿಚ್ಚಿಗೆ ಒಂದು ಕೇಬಲ್ ಎಳೆದಿದ್ದರು. ತೇರಿನ ಸಂಜೆ ಆ ಕೇಬಲ್ ಜಾಗದಲ್ಲೇ ಇತ್ತು. ಅದನ್ನು ಯೋಚಿಸಿದರೆ ನನಗೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಮೊದಲ ದಿನವೇ ಕಿತ್ತೆ. ಮಾಲೀಕರು ಆರು ವಾರ ಉಷ್ಣತೆ ನೋಡದೆ ಇದ್ದರು, ಕಿಲ್ನ್ ಎಂದಿನಂತೆ ಸುತ್ತುತ್ತಿತ್ತು.

ಕಿಲ್ನ್ ಒಳಗೋಡೆಗೆ ಕಟ್ಟಿಕೊಳ್ಳುವ ಅಕ್ರೀಶನ್ ಒಡೆಯಲು ಕೆಲವು ತಿಂಗಳಿಗೊಮ್ಮೆ ಶಟ್‌ಡೌನ್ ಆಗುತ್ತದೆ. ಬೇಸಿಗೆಯಲ್ಲಿ ಅದು ಬಂದಾಗ ಎರಡೂ ವಿಂಡೋಸ್ 7ರ ಡಿಸ್ಕಿನ ಪೂರ್ತಿ ನಕಲು ತೆಗೆದು, ಒಂದೊಂದು ಬದಲಿ ಡಿಸ್ಕ್ ತಯಾರಿಟ್ಟು, ಹಾಕಿ ನೋಡಿ, ತೆಗೆದು ಕಪಾಟಿನಲ್ಲಿಟ್ಟೆವು. ನಡುವೆ ಫೈರ್‌ವಾಲ್ ಬಂತು. ಒಳಗಿನಿಂದ ಉಷ್ಣತೆಯ ಅಂಕಿಗಳು ಹೊರಗೆ ಬರುತ್ತವೆ, ಹೊರಗಿನಿಂದ ಒಳಗೆ ಯಾವುದೂ ಹೋಗುವುದಿಲ್ಲ. ಎಂಜಿನಿಯರರ ಲ್ಯಾಪ್‌ಟಾಪ್ ಕಂಟ್ರೋಲ್ ರೂಮ್ ಬಿಟ್ಟು ಕದಲುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಮಾತ್ರ ಇನ್ನೂ ವಿಂಡೋಸ್ 7 ಆಗಿಯೇ ಇದೆ. ಬದಲಿಸಲು ಕಂಟ್ರೋಲ್ ತಂತ್ರಾಂಶವನ್ನೇ ಹೊಸದಾಗಿ ಕೊಳ್ಳಬೇಕು, ಆ ಕಡತ ಮಾಲೀಕರ ಮೇಜಿನ ಮೇಲಿದೆ.

ಅಷ್ಟರಲ್ಲಿ 2025ರ ಅಕ್ಟೋಬರ್ 14 ಬಂತು, ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಹದಿನಾಲ್ಕರಲ್ಲಿ ಐದು ಹಳೆಯ ಪ್ರೊಸೆಸರಿನವು, ವಿಂಡೋಸ್ 11 ಅವುಗಳನ್ನು ಒಪ್ಪಲಿಲ್ಲ. ಗೇಟ್ ಪಾಸ್, ಮೇಲ್, ಪೋರ್ಟಲ್ ಮಾತ್ರ ನೋಡುವ ಆ ಐದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಒಂದು ಟೈಮ್ ಆಫೀಸಿಗೇ ಹೋಯಿತು. ಗುಮಾಸ್ತರು ಮುಖ ಸಣ್ಣ ಮಾಡಿಕೊಂಡು ಕೂತರು, ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದ್ದದ್ದು ತೋರಿಸಿದೆ. ಬಹುಮಟ್ಟಿಗೆ ನುಡಿಯಲ್ಲಿ ಒತ್ತುತ್ತಿದ್ದ ಕೀಲಿಗಳನ್ನೇ ಒತ್ತಿದರು, ಪರದೆಯ ಮೇಲೆ ಯುನಿಕೋಡ್ ಕನ್ನಡ ಬಂತು. ಎರಡು ಸಾಲು ಹೊಡೆದು ನೋಡಿ, “ಇದಕ್ಕೇನೂ ಡೌನ್‌ಲೋಡ್ ಮಾಡೂದು ಬ್ಯಾಡೇನ್ರಿ?” ಎಂದು ಕೇಳಿದರು. ಬೇಡ ಎಂದೆ.

2026ರ ಜಾತ್ರೆಗೆ ಮುಂಚೆ, ಒಂದು ಭಾನುವಾರ, ಯಾರಿಗೂ ಹೇಳದೆ ಸರ್ವರ್ ಆಫ್ ಮಾಡಿ, ಬ್ಯಾಕಪ್ ಡಬ್ಬಿಯಿಂದ ಬೇರೊಂದು ಕಂಪ್ಯೂಟರಿಗೆ ಎಲ್ಲವನ್ನೂ ಮರಳಿ ತಂದು ನೋಡಿದೆವು. ಹುಡುಗನೇ ಮಾಡಿದ, ನಾನು ಗಡಿಯಾರ ನೋಡುತ್ತ ಕೂತಿದ್ದೆ. ಮೂರೂಮುಕ್ಕಾಲು ಗಂಟೆ ಹಿಡಿಯಿತು. ಕಾಟಾ ಅಷ್ಟು ಹೊತ್ತೂ ತನ್ನ ಪಾಡಿಗೆ ತೂಗುತ್ತಿತ್ತು, ಲಾರಿ ಸಾಲು ರಸ್ತೆಗೆ ಬರಲಿಲ್ಲ. ಟ್ಯಾಲಿ ಬಂತು, ಲ್ಯಾಬ್ ಬಂತು, ಅಕೌಂಟ್ಸ್ ಬಂತು. ಒಂದು ಬರಲಿಲ್ಲ. ಟೈಮ್ ಆಫೀಸಿನವರು ಮಿಂಟ್ ಬಂದ ಮೇಲೆ ಬರೆದ ಹೊಸ ಪತ್ರಗಳೆಲ್ಲ ಸರ್ವರ್‌ಗೆ ಹೋಗದೆ ಮಿಂಟ್‌ನ ಡೆಸ್ಕ್‌ಟಾಪ್ ಮೇಲೇ ಇದ್ದವು, ‘ಪತ್ರಗಳು’ ಎಂಬ ಫೋಲ್ಡರಿನಲ್ಲಿ. ಕೇಳಿದರೆ, “ಅಲ್ಲಿ ಇಟ್ರ ಮತ್ತ ಹಾಳಾಗ್ತಾವಂತ ಇಲ್ಲೇ ಇಟ್ಕೊಂಡೀನ್ರಿ” ಎಂದರು.